ಗೇಮ್‌ನಲ್ಲಿ ನನ್ನದೇ ಮುಖ ಇರಲಾ, ಬೇರೆ ಯಾರದ್ದಾದರೂ ಆಗಲಾ?

ಹೊಸ ಗೇಮ್ ಹಾಕಿದಾಗಲೆಲ್ಲ ಕ್ಯಾರೆಕ್ಟರ್ ಮಾಡುವುದರಲ್ಲೇ ಎರಡು ಗಂಟೆ ಹೋಗುತ್ತದೆ. ನನ್ನ ಥರ ಮಾಡಲು ಹೋದರೆ ಮೂಗು ಸರಿ ಬರುವುದಿಲ್ಲ. ಬೇರೆ ಯಾರನ್ನೋ ಮಾಡಿದರೆ ಸ್ವಲ್ಪ ಹೊತ್ತಿಗೆ ‘ಇದು ನಾನಲ್ಲ’ ಅನಿಸುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

— ನಾನೂ ಫೋಟೊ ಪಕ್ಕದಲ್ಲಿಟ್ಟುಕೊಂಡು ಸ್ಲೈಡರ್ ಎಳೆದವನೇ. ಅಷ್ಟು ಕಷ್ಟಪಟ್ಟು ಮಾಡಿದ ಮುಖ ಮೊದಲ ಕಟ್‌ಸೀನ್‌ನಲ್ಲೇ (ಆಟದ ನಡುವೆ ಬರುವ ಸಿನಿಮಾದಂಥ ದೃಶ್ಯ) ಯಾರದ್ದೋ ಆಗಿಬಿಡುತ್ತಿತ್ತು. ಮುಖ ಮಾಡುವ ಎಡಿಟರ್‌ನ ಬೆಳಕೇ ಬೇರೆ, ಆಟದೊಳಗಿನ ಬೆಳಕೇ ಬೇರೆ. ಈಗ ತಲೆ ತಿರುಗಿಸಿ, ಬೆಳಕು ಬದಲಿಸಲು ಬಿಟ್ಟರೆ ಅದನ್ನೂ ಬದಲಿಸಿ ನೋಡುತ್ತೇನೆ. ಮೂಗಿನ ಹಿಂದೆ ಬೀಳಬೇಡಿ. ಕೂದಲು, ಮೈಬಣ್ಣ, ಕನ್ನಡಕ ಹೊಂದಿದರೆ ಸಾಕು. 2006ರಲ್ಲಿ ನಿಂಟೆಂಡೊ ವೀ ಗೇಮ್ ಕನ್ಸೋಲ್ ಜೊತೆ ಬಂದ ‘ಮೀ’ ಗೊಂಬೆಗಳು ನೆನಪಿವೆಯಾ? ಗುಂಡು ತಲೆ, ಗೆರೆಯಂಥ ಬಾಯಿ. ಆದರೂ ಇದು ಇಂಥವರೇ ಅಂತ ಗೊತ್ತಾಗುತ್ತಿತ್ತು.

— ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸೈಬರ್‌ಪಂಕ್ 2077ರಲ್ಲಿ ಹುಬ್ಬಿನವರೆಗೂ ತಿದ್ದಿದ್ದೆ. ಅದು ಫಸ್ಟ್ ಪರ್ಸನ್ ಆಟ, ಅಂದರೆ ಪಾತ್ರದ ಕಣ್ಣಿನಿಂದಲೇ ಎಲ್ಲ ನೋಡುವುದು. ಜಾಸ್ತಿ ಹೊತ್ತು ಕಂಡದ್ದು ನನ್ನ ಎರಡು ಕೈ!

— ನನ್ನ ಮುಖ ಇಟ್ಟುಕೊಂಡರೆ ಆಟದಲ್ಲೂ ಕಳ್ಳತನ ಮಾಡಲು ಮನಸ್ಸು ಬರುವುದಿಲ್ಲ. ಕೊಂಬಿನ ರಾಕ್ಷಸನಾದರೆ ಯಾವ ಹಿಂಜರಿಕೆಯೂ ಇಲ್ಲ. ಇದು ನನ್ನೊಬ್ಬನ ಹುಚ್ಚಲ್ಲ. ನಿಕ್ ಯೀ, ಜೆರೆಮಿ ಬೈಲೆನ್ಸನ್ ಎಂಬ ಸಂಶೋಧಕರು 2007ರಲ್ಲಿ ಇದನ್ನು ‘ಪ್ರೋಟಿಯಸ್ ಎಫೆಕ್ಟ್’ ಎಂದು ಕರೆದರು. ಅವರ ಪ್ರಯೋಗದಲ್ಲಿ ಎತ್ತರದ ಅವತಾರ ಸಿಕ್ಕವರು ಹಣ ಹಂಚಿಕೊಳ್ಳುವಾಗ ಜಾಸ್ತಿ ಚೌಕಾಸಿ ಮಾಡಿದ್ದರು. ಹಾಗಾಗಿ ಮೊದಲ ಸಲ ನಾನಾಗಿ ಆಡುತ್ತೇನೆ, ಎರಡನೇ ಸಲ ರಾಕ್ಷಸ.

— ಆನ್‌ಲೈನ್ ಆಟವಾದರೆ ಲೆಕ್ಕವೇ ಬೇರೆ. ನಾನು ಹೆಣ್ಣು. ನನ್ನ ಥರದ ಅವತಾರ ಹಾಕಿಕೊಂಡಿದ್ದಾಗ ಬೇಡದ ಮೆಸೇಜ್, ಕೇಳದೇ ಇದ್ದ ಪಾಠ, ಎರಡೂ ಬರುತ್ತಿದ್ದವು. ಮುಖ ಮುಚ್ಚಿದ ದೈತ್ಯಳಲ್ಲ, ದೈತ್ಯನಾದೆ. ಎಲ್ಲರೂ ಸುಮ್ಮನಾದರು. ನೆಮ್ಮದಿ ಸಿಕ್ಕಿತು, ಆದರೆ ನಾನು ಯಾಕೆ ಬಚ್ಚಿಟ್ಟುಕೊಳ್ಳಬೇಕು ಅಂತ ಸಿಟ್ಟೂ ಬಂತು. ಈಗ ಗೊತ್ತಿರುವ ಗೆಳತಿಯರ ಜೊತೆ ಆಡುವಾಗ ನನ್ನ ಗುಂಗುರು ಕೂದಲೇ ಇರುತ್ತದೆ.

— ಆಮೇಲೆ ಬದಲಿಸಬಹುದಾ ಅಂತ ಮೊದಲೇ ನೋಡಿಕೊಳ್ಳಿ. ಬಾಲ್ಡರ್ಸ್ ಗೇಟ್ 3 ಬಂದಾಗ ಆಗುತ್ತಿರಲಿಲ್ಲ. 2023ರ ಸೆಪ್ಟೆಂಬರ್‌ನ ಪ್ಯಾಚ್‌ನಲ್ಲಿ (ಅಪ್‌ಡೇಟ್) ಕ್ಯಾಂಪಿಗೆ ರೂಪ ಬದಲಿಸುವ ಮಾಯಾ ಕನ್ನಡಿ ಬಂತು. ಅದರಲ್ಲೂ ರೇಸ್ (ಮನುಷ್ಯ, ಎಲ್ಫ್ ಥರದ ಕುಲ) ಬದಲಾಗುವುದಿಲ್ಲ.

ಎಲ್ಲರಿಗೂ ಥ್ಯಾಂಕ್ಸ್. ಮೂಗಿನ ಆಸೆ ಬಿಟ್ಟೆ. ಕನ್ನಡಕ, ನನ್ನದೇ ಕೂದಲು, ಇಪ್ಪತ್ತು ನಿಮಿಷದಲ್ಲಿ ಆಟ ಶುರು. ಆದರೆ ಮೊದಲ ಪೆಟ್ಟಿಗೆಯಲ್ಲೇ ಸಿಕ್ಕ ಹೆಲ್ಮೆಟ್ ಮುಖವನ್ನೆಲ್ಲ ಮುಚ್ಚಿಬಿಟ್ಟಿದೆ. ಅದನ್ನು ಕಾಣದ ಹಾಗೆ ಮಾಡುವ ಸೆಟ್ಟಿಂಗ್ ಎಲ್ಲಿರುತ್ತದೆ?