ಸೂರ್ಯನ ಕುದುರೆಗೆ ಎಂಥ ಗೂಡು ಬೇಕು? ಸಾಕಿದವರು ಹೇಳಿದ್ದು

ಪ್ರಶ್ನೆ: ನನ್ನ ಹತ್ತಿರ ಮೂರು ಸೂರ್ಯನ ಕುದುರೆ (ಪ್ರೇಯಿಂಗ್ ಮ್ಯಾಂಟಿಸ್ ಹುಳ) ಮರಿಗಳಿವೆ. ಒಂದೊಂದೂ ಸುಮಾರು 2 ಸೆಂಟಿಮೀಟರ್ ಉದ್ದ. ಸದ್ಯಕ್ಕೆ ಬೇರೆ ಬೇರೆ ಪ್ಲಾಸ್ಟಿಕ್ ಲೋಟಗಳಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಮೀನಿನ ಗಾಜಿನ ತೊಟ್ಟಿ ಒಂದು ಖಾಲಿ ಇದೆ. ಮೂರನ್ನೂ ಅದರಲ್ಲೇ ಬಿಡಬಹುದಾ? ಒಳಗೆ ಏನೇನು ಇಡಬೇಕು?

ಉತ್ತರ 1: ಒಟ್ಟಿಗೆ ಬಿಡಬೇಡಿ. ಹೆಚ್ಚಿನ ಜಾತಿಗಳಲ್ಲಿ ಹೊಟ್ಟೆ ತುಂಬ ಊಟ ಹಾಕಿದರೂ ಒಂದನ್ನೊಂದು ಹಿಡಿದು ತಿನ್ನಬಹುದು.

ಇನ್ನು ಗೂಡಿನ ವಿಷಯ. ಎಲೆ, ಕಲ್ಲು, ಬಳ್ಳಿ ಅಂತ ಚೆಂದಕ್ಕೆ ಜೋಡಿಸಲು ಎಲ್ಲರಿಗೂ ಆಸೆ ಇರುತ್ತದೆ. ಆದರೆ ಈ ಹುಳಕ್ಕೆ ಗೂಡು ನಿಜವಾಗಿ ಮುಖ್ಯವಾಗುವುದು ಪೊರೆ ಬಿಡುವ ದಿನ. ಅವತ್ತು ಅದು ಮೇಲಿನ ಮುಚ್ಚಳವನ್ನು ಕಾಲಿನಿಂದ ಹಿಡಿದು ತಲೆಕೆಳಗಾಗಿ ನೇತಾಡುತ್ತದೆ, ಬೆನ್ನಿನ ಹತ್ತಿರ ಹಳೆಯ ಚರ್ಮ ಸೀಳುತ್ತದೆ, ಹೊಸ ಮೈ ನಿಧಾನವಾಗಿ ಕೆಳಕ್ಕೆ ಜಾರಿ ಬರುತ್ತದೆ. ಆಗ ಮೈ ತುಂಬಾ ಮೆತ್ತಗಿರುತ್ತದೆ. ಕಾಲು ಎಲ್ಲಾದರೂ ತಾಗಿದರೆ ಸೊಟ್ಟಗಾಗಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಗೂಡಿನ ಎತ್ತರ ಹುಳದ ಉದ್ದದ ಕನಿಷ್ಠ 3 ಪಟ್ಟು, ಅಗಲ 2 ಪಟ್ಟು ಇರಬೇಕು ಅನ್ನುವುದು ಇದಕ್ಕೇ. ಮುಚ್ಚಳದ ಕೆಳಗಿನ ಆ ಜಾಗ ಖಾಲಿ ಇರಲಿ. ಒಂದೆರಡು ಕಡ್ಡಿಗಳನ್ನು ಪಕ್ಕದಲ್ಲಿ ಓರೆಯಾಗಿ ಇಟ್ಟರೆ ಸಾಕು.

ನನ್ನ ಮೊದಲ ಹೆಣ್ಣು ಹುಳ ನಯವಾದ ಪ್ಲಾಸ್ಟಿಕ್ ಮುಚ್ಚಳದ ಡಬ್ಬಿಯಲ್ಲಿತ್ತು. ಕೊನೆಯ ಪೊರೆ, ರೆಕ್ಕೆ ಬರುವ ಸಮಯ. ಬೆಳಗ್ಗೆ ಎದ್ದು ನೋಡಿದರೆ ಕೆಳಗೆ ಬಿದ್ದಿತ್ತು. ರೆಕ್ಕೆ ಮುದುರಿ ಹೋಗಿತ್ತು, ಹಿಂಗಾಲೊಂದು ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡಿತ್ತು. ರೆಕ್ಕೆ ಬಂದ ಮೇಲೆ ಮತ್ತೆ ಪೊರೆ ಬಿಡುವುದಿಲ್ಲವಲ್ಲ, ಹಾಗಾಗಿ ಮುಂದೆ ಸರಿಹೋಗುವ ದಾರಿಯೇ ಇರಲಿಲ್ಲ. ಸಾಯುವವರೆಗೂ ಚಿಮಟದಲ್ಲಿ ಊಟ ಹಿಡಿದು ಕೊಟ್ಟೆ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಅವತ್ತಿನಿಂದ ಎಲ್ಲ ಮುಚ್ಚಳಗಳ ಒಳಬದಿಗೂ ಸೊಳ್ಳೆ ಪರದೆಯ ಬಟ್ಟೆ ಅಂಟಿಸುತ್ತೇನೆ. ಲೋಹದ ಜಾಲರಿ ಬೇಡ, ಪಾದದ ತುದಿ ಅದರಲ್ಲಿ ಸಿಕ್ಕಿ ಪೆಟ್ಟಾಗಬಹುದು.

ಉತ್ತರ 2: ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬಾಗಿಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹುಳ ಹೆಚ್ಚು ಹೊತ್ತು ಮುಚ್ಚಳಕ್ಕೇ ನೇತುಬಿದ್ದಿರುತ್ತದೆ. ನೀವು ಊಟ ಹಾಕಲು ಅದೇ ಮುಚ್ಚಳ ತೆಗೆದರೆ ಪ್ರತಿ ಸಲವೂ ಅದರ ನೆಲ ಅಲ್ಲಾಡಿದ ಹಾಗೆ, ಅಲ್ವಾ? ಪೊರೆ ಬಿಡುವಾಗ ಹಾಗೆ ಆದರೆ ಬಿದ್ದೇಹೋಗುತ್ತದೆ. ಅದಕ್ಕೆ ಬಾಗಿಲು ಪಕ್ಕದಲ್ಲಿರಲಿ. ನಿಮ್ಮ ತೊಟ್ಟಿಯನ್ನು ಎತ್ತರಕ್ಕೆ ನಿಲ್ಲಿಸಿ, ಬಾಯಿ ಪಕ್ಕಕ್ಕೆ ಬರುತ್ತದೆ, ಅದಕ್ಕೆ ಪರದೆ ಬಟ್ಟೆಯ ಬಾಗಿಲು ಮಾಡಿ, ಮೇಲೆ ಬಂದ ಗಾಜಿಗೆ ಒಳಗಿನಿಂದ ಅದೇ ಬಟ್ಟೆ ಅಂಟಿಸಿ. ಬೆಳೆದ ಒಂದು ಹುಳಕ್ಕೆ ಒಳ್ಳೆಯ ಮನೆ ಆಗುತ್ತದೆ.

ಆದರೆ ಈಗಲೇ ಬೇಡ. 2 ಸೆಂಟಿಮೀಟರ್ ಮರಿಗೆ ಅಷ್ಟು ದೊಡ್ಡ ಜಾಗದಲ್ಲಿ ನೊಣ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. 10 ಸೆಂಟಿಮೀಟರ್ ಎತ್ತರದ ಲೋಟ ಸಾಕು. ಬಾಯಿಗೆ ಬಟ್ಟೆ ಕಟ್ಟಿ, ಪಕ್ಕದಲ್ಲಿ ಒಂದು ತೂತು ಮಾಡಿ ಸ್ಪಂಜಿನ ತುಂಡು ಸಿಕ್ಕಿಸಿ. ಹಣ್ಣಿನ ನೊಣಗಳನ್ನು ಆ ತೂತಿನಿಂದಲೇ ಬಿಡಬಹುದು, ಮುಚ್ಚಳ ಮುಟ್ಟುವ ಕೆಲಸವೇ ಇಲ್ಲ.

ಉತ್ತರ 3: ನೀರಿನ ವಿಷಯ ಯಾರೂ ಹೇಳಲಿಲ್ಲ. ಬಟ್ಟಲಲ್ಲಿ ನೀರು ಇಡಬೇಡಿ, ಸಣ್ಣ ಮರಿ ಮುಳುಗುತ್ತದೆ. ಗೂಡಿನ ಗೋಡೆಗೆ ತೆಳುವಾಗಿ ಸ್ಪ್ರೇ ಮಾಡಿ, ಹನಿಗಳನ್ನು ಅದೇ ಕುಡಿಯುತ್ತದೆ. ಮುಂದಿನ ಸ್ಪ್ರೇ ಹೊತ್ತಿಗೆ ಗೋಡೆ ಒಣಗಿರಬೇಕು. ನಾನು ತೇವ ಜಾಸ್ತಿ ಬೇಕು ಅಂದುಕೊಂಡು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೆ, ಎರಡೇ ವಾರಕ್ಕೆ ತಳದ ತೆಂಗಿನ ನಾರೆಲ್ಲ ಬೂಷ್ಟು ಹಿಡಿಯಿತು. ಈಗ ತಳಕ್ಕೆ ಸುಮ್ನೆ ಟಿಶ್ಯೂ ಕಾಗದ ಹಾಕುತ್ತೇನೆ, ಕೊಳೆಯಾದಾಗ ಬದಲಿಸುತ್ತೇನೆ. ತೇವ ಎಷ್ಟಿರಬೇಕು ಅನ್ನುವುದು ಜಾತಿಯಿಂದ ಜಾತಿಗೆ ಬೇರೆ, ಗೋಂಗೈಲಸ್ ಜಾತಿಗೆ ಬಿಸಿ ಮತ್ತು ಒಣ ಗಾಳಿ ಇಷ್ಟ. ಹಾಗಾಗಿ ನಿಮ್ಮದು ಯಾವ ಜಾತಿ ಅಂತ ಮೊದಲು ತಿಳಿದುಕೊಳ್ಳಿ. ಬಹಳಷ್ಟು ಜಾತಿಗಳಿಗೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ಗಾಜು, ಪ್ಲಾಸ್ಟಿಕ್ಕಿನ ಒಳಗೆ ಸ್ವಲ್ಪ ಹೊತ್ತಿಗೇ ಕಾದು ಹುಳ ಸತ್ತುಹೋಗುತ್ತದೆ.

ಉತ್ತರ 1ರವರೇ ಮತ್ತೆ: ಒಂದು ಬಿಟ್ಟುಹೋಯಿತು. ತಿನ್ನದೆ ಉಳಿದ ಕ್ರಿಕೆಟ್ ಹುಳವನ್ನು ಗೂಡಿನಲ್ಲಿ ಬಿಡಬೇಡಿ. ಪೊರೆ ಬಿಡುವ ಹುಳಕ್ಕೆ ಓಡಲು ಆಗುವುದಿಲ್ಲ, ಕ್ರಿಕೆಟ್ ಅದನ್ನೇ ಕಡಿಯುತ್ತದೆ. ಪೊರೆ ಬಿಟ್ಟ ಮೇಲೂ ಒಂದೆರಡು ದಿನ ಊಟ ಹಾಕದೆ ಮೈ ಗಟ್ಟಿಯಾಗಲು ಬಿಡಿ.

ಹಾಗೇ ಇವತ್ತೇ ಜಾಗ ಬದಲಿಸುವ ಯೋಚನೆ ಇದ್ದರೆ ಮೊದಲು ಮೂರಕ್ಕೂ ಒಂದೊಂದು ನೊಣ ಕೊಟ್ಟು ನೋಡಿ. ಹಿಡಿದು ತಿಂದ ಮರಿಯನ್ನು ಬೇರೆ ಜಾಗಕ್ಕೆ ಬದಲಿಸಿ. ಹೊಟ್ಟೆ ಉಬ್ಬಿಕೊಂಡು, ನೊಣ ಕಂಡರೆ ದೂರ ಸರಿಯುವುದು ಇದ್ದರೆ ಅದು ಪೊರೆಗೆ ತಯಾರಾಗುತ್ತಿದೆ, ಆ ಲೋಟವನ್ನು ಮುಟ್ಟಲೇಬೇಡಿ.