ಡ್ರೆಸಾಜ್‌ಗೆ ಕನ್ನಡದಲ್ಲಿ ಏನನ್ನೋಣ? ಬ್ಯಾನರ್‌ಗೆ ಬೇಕು, ಅರ್ಜೆಂಟ್

ಕುಣಿಗಲ್‌ನಿಂದ:

ನಮಸ್ಕಾರ. ನಾಳೆ ಸಂಜೆ ಬ್ಯಾನರ್ ಪ್ರಿಂಟಿಗೆ ಹೋಗಬೇಕು. ಅದಕ್ಕೇ ಪೀಠಿಕೆ ಇಲ್ಲದೆ ಕೇಳುತ್ತಿದ್ದೇನೆ.

ಇಲ್ಲೊಂದು ಮಕ್ಕಳ ಕುದುರೆ ಸವಾರಿ ಕ್ಲಬ್ ಒಂದು ದಿನದ ಶೋ ಮಾಡುತ್ತಿದೆ. ರೇಸ್ ಇಲ್ಲ, ಜಿಗಿತ ಇಲ್ಲ, ಬರೀ ಡ್ರೆಸಾಜ್, ಅಂದರೆ ಹೇಳಿದ ಹಾಗೆ ಕುದುರೆ ನಡೆಸಿ ತೋರಿಸುವುದು. 20 ಮೀಟರ್ ಅಗಲ, 40 ಮೀಟರ್ ಉದ್ದದ ಮರಳಿನ ಅಂಕಣ. ಸುತ್ತ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಹಲಗೆಗಳು. ಮಗು ಎ ಕಡೆಯಿಂದ ಒಳಗೆ ಬರಬೇಕು. ಅಂಕಣದ ನಟ್ಟನಡುವೆ, ಎಕ್ಸ್ ಅನ್ನುವ ಜಾಗದಲ್ಲಿ ಕುದುರೆ ನಿಲ್ಲಿಸಿ, ಸಿ ಹತ್ತಿರ ಕೂತ ತೀರ್ಪುಗಾರರಿಗೆ ವಂದಿಸಬೇಕು. ಆಮೇಲೆ ಯಾವ ಅಕ್ಷರದ ಹತ್ತಿರ ಏನು ಮಾಡಬೇಕು ಅಂತ ಮೊದಲೇ ಬರೆದಿರುತ್ತದೆ. ಇಲ್ಲಿ ಟ್ರಾಟ್ (ನಡಿಗೆಗಿಂತ ಚುರುಕಾದ ನಡೆ), ಅಲ್ಲಿ 20 ಮೀಟರಿನ ಸುತ್ತು, ಮತ್ತೆ ನಡಿಗೆ. ಶುರುವಿನ ಮಟ್ಟದಲ್ಲಿ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಾದ ಓಟ, ಇಟ್ಟಿಲ್ಲ. ನೆನಪಿಟ್ಟುಕೊಳ್ಳಲು ಆಗದ ಮಕ್ಕಳಿಗೆ ಹೊರಗಿನಿಂದ ಒಬ್ಬರು ಜೋರಾಗಿ ಓದಿ ಹೇಳಬಹುದು.

ಕರಪತ್ರದಲ್ಲಿ ಡ್ರೆಸಾಜ್ ಅಂತ ಹಾಕಿದೆವು. ಫ್ಯಾನ್ಸಿ ಡ್ರೆಸ್ಸಾ, ಬಟ್ಟೆ ನಾವೇ ತರಬೇಕಾ ಅಂತ ಫೋನ್ ಬಂತು. 'ಕುದುರೆ ಸ್ಪರ್ಧೆ' ಅಂತ ಹಾಕಲು ಭಯ. ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಊರು ಇದು. ಇಲ್ಲಿ ಕುದುರೆ ಅಂದರೆ ರೇಸು, ರೇಸು ಅಂದರೆ ದುಡ್ಡು ಕಟ್ಟೋದು. ಮಕ್ಕಳನ್ನು ಯಾರು ಕಳಿಸುತ್ತಾರೆ?

ಡ್ರೆಸಾಜ್, ಟ್ರಾಟ್, ಆ ಓದಿ ಹೇಳುವವರು. ಈ ಮೂರಕ್ಕೂ ಪದ ಕೊಡಿ. ಅಂಕಪಟ್ಟಿಯದು ಬೇರೆಯೇ ಗೋಳು, ಆಮೇಲೆ ಬರೆಯುತ್ತೇನೆ.

ಬೆಂಗಳೂರಿನಿಂದ:

ಡ್ರೆಸಾಜ್ ಅಂತಲೇ ಬರೆಯಿರಿ. ಕ್ರಿಕೆಟ್‌ಗೆ ಕನ್ನಡ ಹುಡುಕಿಕೊಂಡು ಕೂತಿದ್ದೀರಾ?

ತುಮಕೂರಿನಿಂದ:

'ಅಶ್ವಶಿಕ್ಷಾ ಪ್ರದರ್ಶನ' ಗಂಭೀರವಾಗಿದೆ, ಅರ್ಥವೂ ಸರಿ. ನಡೆಗಳಿಗೆ ಹೊಸ ಪದ ಯಾಕೆ? ಅಮರಕೋಶದಲ್ಲೇ ಕುದುರೆಯ ಐದು ನಡೆಗಳಿವೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಟ್ರಾಟ್‌ಗೆ ಧೌರಿತಕ ಇಟ್ಟುಕೊಳ್ಳಿ.

ಚಿಂತಾಮಣಿಯಿಂದ:

ಧೌರಿತಕ ಅಂತ ಮೈಕಲ್ಲಿ ಕೂಗಿ ನೋಡಿ ಸ್ವಾಮಿ. ಮಗು ಇರಲಿ, ಕುದುರೆಯೇ ನಿಂತು ನಿಮ್ಮ ಮುಖ ನೋಡುತ್ತದೆ.

ಟ್ರಾಟ್‌ಗೆ ಕನ್ನಡದಲ್ಲಿ ಕುಕ್ಕುಲೋಟ ಇದೆ. ಎದುರು ಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಒಂದು, ಎರಡು, ಒಂದು, ಎರಡು. ಮೇಲೆ ಕೂತವರನ್ನು ಕುಕ್ಕಿಸುತ್ತದೆ. ಪದದೊಳಗೇ ಅನುಭವ ಇದೆ. ಇನ್ನು ನಾಗಾಲೋಟ. ನಾಗರಹಾವಿಗೂ ಅದಕ್ಕೂ ಸಂಬಂಧವಿಲ್ಲ ಅಂತ ನಮ್ಮ ಈ ಗುಂಪಿನಲ್ಲಿ ಮೊದಲೂ ಹೇಳಿದ್ದೇನೆ, ಯಾರೂ ಕೇಳಲಿಲ್ಲ. ನಾಲ್ಕು ಕಾಲಿನ ಓಟ, ನಾಲ್ಗಾಲೋಟ, ನಾಗಾಲೋಟ. ಇಷ್ಟು ಚೆಂದದ ಪದ ಕಟ್ಟಿದವರ ಮಕ್ಕಳು ನಾವು. ಸವಾರ, ಲಗಾಮು, ಜೀನು ಅಂತ ಫಾರಸಿ ಹೊತ್ತು ತಿರುಗುವುದು ಯಾಕೆ? ರಾವುತ, ಕಡಿವಾಣ, ಹಲ್ಲಣ ಅನ್ನಿ. ಬ್ಯಾನರ್‌ನಲ್ಲಿ 'ಎಳೆಯ ರಾವುತರ ಮೇಳ' ಹಾಕಿ.

ಮುಳಬಾಗಿಲಿನಿಂದ:

ರಾವುತ ಬಂದಿದ್ದು ರಾಜಪುತ್ರದಿಂದ. ಹಲ್ಲಣದ ಮೂಲ ಪರ್ಯಾಣ. ಎರಡೂ ಸಂಸ್ಕೃತದ್ದೇ. ಹಳೆಯ ಸಾಲ ಆಸ್ತಿ, ಹೊಸ ಸಾಲ ಮಾತ್ರ ಸಾಲ, ಅಲ್ವಾ?

ಕುದುರೆ ಜೊತೆ ಬದುಕಿದವರ ಬಾಯಲ್ಲಿ ಏನಿತ್ತು ಅಂತ ಕೇಳಿ. ಜಟಕಾ ಸಾಬರು ಟ್ರಾಟ್‌ಗೆ ದುಲ್ಕಿ ಅನ್ನುತ್ತಿದ್ದರು. ಲಗಾಮು, ಜೀನು, ಚಾಬೂಕು ಎಲ್ಲ ಅವರ ಕೈಯಲ್ಲೇ ಸವೆದು ನಮ್ಮದಾದ ಮಾತುಗಳು. ದುಲ್ಕಿ ಇಡಿ.

ತಿಪಟೂರಿನಿಂದ:

ಕೇಳಿದ್ದು ಡ್ರೆಸಾಜ್. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ!

ಫ್ರೆಂಚ್‌ನ ಆ ಮೂಲ ಪದಕ್ಕೆ ನೆಟ್ಟಗೆ ಮಾಡು, ಪಳಗಿಸು ಅಂತ ಅರ್ಥ. ಇಂಗ್ಲಿಷಿನ ಡ್ರೆಸ್ಸೂ ಅದೇ ಬೇರಿನದು. ಬಟ್ಟೆಯ ಅರ್ಥ ಆಮೇಲೆ ಅಂಟಿಕೊಂಡಿದ್ದು. ಹಾಗಾಗಿ ನನ್ನ ಪದ 'ತಿದ್ದುನಡೆ'. ಮಗು ಮರಳಲ್ಲಿ ಅಕ್ಷರ ತಿದ್ದಿದ ಹಾಗೇ ಇದು. ಇಲ್ಲೂ ಮರಳಿದೆ, ಅಕ್ಷರವಿದೆ. ಅದೇ ಸುತ್ತು ದುಂಡಗೆ ಬರುವ ತನಕ ಮತ್ತೆ ಮತ್ತೆ ಹೋಗಬೇಕು.

ಓದಿ ಹೇಳುವವರಿಗೆ 'ಓದುವವರು' ಸಾಕು. 'ಹೇಳಿಕೊಡುವವರು' ಮಾತ್ರ ಬೇಡ. ಬರೆದದ್ದನ್ನು ಓದುವುದು ಬಿಟ್ಟು, ಹೇಗೆ ಮಾಡಬೇಕು ಅಂತ ಹೊರಗಿನಿಂದ ಹೇಳಿಕೊಟ್ಟರೆ ಮಗುವನ್ನು ಸ್ಪರ್ಧೆಯಿಂದಲೇ ತೆಗೆಯಬಹುದು.

ಮುಳಬಾಗಿಲಿನಿಂದ:

ತಿದ್ದುನಡೆ ಅಂದರೆ ಪಹಣಿ ತಿದ್ದುಪಡಿ ನೆನಪಾಗುತ್ತದೆ. ನಾಡಕಚೇರಿ ಮುಂದೆ ಕ್ಯೂ ನಿಂತ ಹಾಗಿದೆ.

ಬೆಂಗಳೂರಿನಿಂದ:

ಕನ್ನಡವೇ ಬೇಕು ಅಂತಿದ್ದರೆ 'ಕುದುರೆ ಪಳಗಿಸುವ ಸ್ಪರ್ಧೆ' ಅನ್ನಿ. ಮುಗೀತು.

ತಿಪಟೂರಿನಿಂದ:

ಆ ಕುದುರೆ ಯಾವತ್ತೋ ಪಳಗಿದೆ. ಮಕ್ಕಳಿಗೆ ಕೊಡುವುದು ವಯಸ್ಸಾದ, ಎಲ್ಲ ಗೊತ್ತಿರುವ ಕುದುರೆಯನ್ನೇ. ಪಳಗಬೇಕಾದ್ದು ಮಗು. ಪದ ಕೊಡುವ ಮುಂಚೆ ಪ್ರಶ್ನೆಯನ್ನಾದರೂ ಪೂರ್ತಿ ಓದಿ.

ಕುಣಿಗಲ್‌ನಿಂದ:

ತಿಪಟೂರಿನ ಮೇಡಂ ಹೇಳಿದ್ದು ಸರಿ. ಕ್ಲಬ್ಬಿನವರೂ ಅದನ್ನೇ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1929ರಲ್ಲಿ ಪೋನಿ ಕ್ಲಬ್ ಶುರುವಾಗಿದ್ದೂ ಮಕ್ಕಳಿಗೆ ಕಲಿಸಲಿಕ್ಕೇ. ಬರೀ ಗೆಲ್ಲಲಿಕ್ಕಲ್ಲ.

ಈಗ ಅಂಕಪಟ್ಟಿ. ಒಂದೊಂದು ನಡೆಗೂ 0ರಿಂದ 10ರವರೆಗೆ ಅಂಕ, ಕೊನೆಗೆ ಎಲ್ಲ ಸೇರಿಸಿ ಶೇಕಡಾ ಲೆಕ್ಕ. ಇಂಗ್ಲಿಷ್ ಪಟ್ಟಿಯಲ್ಲಿ 6 ಅಂದರೆ ಸ್ಯಾಟಿಸ್ಫ್ಯಾಕ್ಟರಿ, 8 ಅಂದರೆ ಗುಡ್. ಮಗುವಿಗೆ 62 ಬಂದರೆ ಅದು ಒಳ್ಳೆಯ ಶುರು. ಆದರೆ ನಮ್ಮ ಅಪ್ಪ ಅಮ್ಮಂದಿರಿಗೆ 95ರ ಕೆಳಗೆ ಎಲ್ಲವೂ ಫೇಲು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್‌ವಾಲಾ ಕಂಚು ಗೆದ್ದಿದ್ದು 73 ಚಿಲ್ಲರೆ ಶೇಕಡಾಕ್ಕೆ. ಭಾರತ ಡ್ರೆಸಾಜ್ ತಂಡದ ಚಿನ್ನ ಗೆದ್ದಿದ್ದೂ ಅಲ್ಲೇ. ಇದನ್ನು ಪಟ್ಟಿಯ ಕೆಳಗೇ ಅಚ್ಚು ಹಾಕಿಸಬೇಕು ಅಂತಿದ್ದೇನೆ. 'ತೃಪ್ತಿಕರ' ಅಂದರೆ ಸ್ಕೂಲಿನ ಪ್ರೋಗ್ರೆಸ್ ಕಾರ್ಡ್ ವಾಸನೆ. 5ಕ್ಕೆ 'ಸುಮಾರು', 6ಕ್ಕೆ 'ಪರವಾಗಿಲ್ಲ', 7ಕ್ಕೆ 'ಚೆನ್ನಾಗಿದೆ' ಆಗಬಹುದಾ?

ಚಿಂತಾಮಣಿಯಿಂದ:

ಆಗಬಹುದು. ಕೊನೆಗೂ ಕನ್ನಡ ಬಂತು.

ಮುಳಬಾಗಿಲಿನಿಂದ:

'ಪರವಾ' ಫಾರಸಿ.

ಚಿಂತಾಮಣಿಯಿಂದ:

ನಿಮ್ಮ ಹತ್ತಿರ ಮಾತಾಡುವುದೇ ತಪ್ಪು. ಕುಣಿಗಲ್‌ನವರೇ, ಹಲಗೆಗಳ ಮೇಲಾದರೂ ಅ, ಕ, ಚ, ತ ಬರೆಸಿ. ಕನ್ನಡ ನೆಲದಲ್ಲಿ ಎ, ಕೆ, ಇ, ಎಚ್ ಯಾಕೆ? ಆ ಅಕ್ಷರಗಳ ಸಾಲಿಗೆ ತಲೆ ಬುಡವೂ ಇಲ್ಲ.

ಕುಣಿಗಲ್‌ನಿಂದ:

ಆಗಲ್ಲ ಸಾರ್. ಆ ಸಾಲು ಎಲ್ಲ ದೇಶದಲ್ಲೂ ಒಂದೇ. ನಾಳೆ ಈ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದರೆ ಯಾವ ಹಲಗೆ ಹತ್ತಿರ ತಿರುಗಬೇಕು ಅಂತ ತಡಕಾಡಬಾರದು.

ಪ್ರೆಸ್‌ನವನು ಕಾಯುತ್ತಿದ್ದಾನೆ, ಹೀಗೆ ಕಳಿಸುತ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ 'ಮಕ್ಕಳ ಕುದುರೆ ಸವಾರಿ ಶೋ'. ಕೆಳಗೆ 'ಡ್ರೆಸಾಜ್: ನಡೆ, ತಿರುವು, ನಿಲುಗಡೆ'. ಅದರ ಕೆಳಗೆ ಕೆಂಪಲ್ಲಿ 'ರೇಸ್ ಇಲ್ಲ'. ಮೈಕಲ್ಲಿ ಟ್ರಾಟ್ ಅಂತಲೇ ಕೂಗುತ್ತೇವೆ. ಕುಕ್ಕುಲೋಟ ಚೆಂದವೇ. ಆದರೆ ಓಟ ಅಂತ ಕೇಳಿದರೆ ಮಕ್ಕಳು ಓಡಿಸಿಬಿಡುತ್ತಾರೆ. ತಿದ್ದುನಡೆಯನ್ನು ಮಕ್ಕಳಿಗೆ ಹಂಚುವ ಪುಸ್ತಿಕೆಯಲ್ಲಿ ಹಾಕುತ್ತೇನೆ.

ತುಮಕೂರಿನಿಂದ:

'ಶೋ' ಅಂತ ಹಾಕಲು ಇಷ್ಟು ಜನ ಬೇಕಿತ್ತೇ?

ಚಿಂತಾಮಣಿಯಿಂದ:

ನಿಲುಗಡೆ ಬಸ್ಸಿಗೆ. ಕುದುರೆಗೆ 'ನಿಲುವು' ಅನ್ನಬೇಕು. ಪ್ರೆಸ್‌ಗೆ ಫೋನ್ ಮಾಡಿ ಈಗಲೇ ಸರಿಮಾಡಿಸಿ.