ಕೆಲ್ಸ ಹೊರಗೆ ಕೊಡೋದಾ, ನಾವೇ ಮಾಡ್ಕೊಳ್ಳೋದಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಂದು ಆನ್‌ಲೈನಲ್ಲಿ ಸಾಮಾನು ಮಾರೋ ಸಣ್ಣ ಬಿಸಿನೆಸ್, ಆರ್ಡರ್ ಜಾಸ್ತಿ ಆಗ್ತಿದ್ದ ಹಾಗೆ ಇರೋ ಜನ ಸಾಲ್ತಿಲ್ಲ. ಅಕೌಂಟ್ಸ್, ಪೇರೋಲ್ (ಸಂಬಳದ ಲೆಕ್ಕ), ಕಸ್ಟಮರ್ ಸಪೋರ್ಟ್, ಆ್ಯಪ್ ಎಲ್ಲಾ ಔಟ್‌ಸೋರ್ಸ್ ಮಾಡ್ಬಿಡೋಣ, ನಾವು ಸೇಲ್ಸ್ ಒಂದೇ ನೋಡ್ಕೊಳ್ಳೋಣ ಅಂತಾರೆ ಪಾರ್ಟ್ನರ್. ಕೊಟೇಶನ್ ನೋಡಿದ್ರೆ ಉಳಿತಾಯ ಇದೆ ನಿಜ, ಆದ್ರೂ ಒಳಗೊಳಗೆ ಅಳುಕು. ಮಾಡ್ಸಿ ಗೊತ್ತಿರೋರು ಹೇಳಿ.

ಉತ್ತರ 1:
ಅಕೌಂಟ್ಸು ಪೇರೋಲು ಕಣ್ಮುಚ್ಕೊಂಡು ಕೊಡಿ. ತಿಂಗಳು ತಿಂಗಳು ಅದೇ ಕೆಲ್ಸ, ತಪ್ಪಾದ್ರೆ ಲೆಕ್ಕ ತಾಳೆ ಆಗಲ್ಲ, ಗೊತ್ತಾಗ್ಬಿಡುತ್ತೆ. ಬ್ಯಾಂಕ್ ಅಪ್ರೂವಲ್ ಮಾತ್ರ ನಿಮ್ಮ ಕೈಲೇ ಇರ್ಲಿ. ಟ್ಯಾಕ್ಸ್ ರಿಟರ್ನ್ ಲೇಟಾದ್ರೆ ನೋಟಿಸ್ ಬರೋದು ನಿಮ್ಮ ಹೆಸರಿಗೇ ಹೊರತು ಏಜೆನ್ಸಿ ಹೆಸರಿಗಲ್ಲ.

ಉತ್ತರ 2:
ಬರೀ ಕೊಟೇಶನ್ ನೋಡಿ ಇಳೀಬೇಡಿ ಸರ್. ಹೊರಗಿನವ್ರನ್ನ ಹುಡುಕೋದು, ಒಪ್ಪಂದ ಮಾಡ್ಕೊಳ್ಳೋದು, ಮಾಡಿದ್ದನ್ನ ಚೆಕ್ ಮಾಡೋದು ಎಲ್ಲಾ ಖರ್ಚೇ, ಕೋಸ್ ಅನ್ನೋ ಅರ್ಥಶಾಸ್ತ್ರಜ್ಞ 1937ರಲ್ಲೇ ಇದನ್ನ ಬರೆದಿದ್ದ. ಬೋಯಿಂಗ್ ಕಂಪನಿಯ 787 ವಿಮಾನದ ಕಥೆ ನೋಡಿ, ಪಾರ್ಟ್ಸ್ ಮಾಡೋದಷ್ಟೇ ಅಲ್ಲ ಡಿಸೈನಿನ ಸುಮಾರು ಭಾಗನೂ ಸಪ್ಲೈಯರ್‌ಗಳಿಗೆ ಬಿಟ್ರು, 2008ರಲ್ಲಿ ಕೊಡ್ಬೇಕಿದ್ದ ಮೊದಲ ವಿಮಾನ ಕೊಟ್ಟಿದ್ದು 2011ರ ಸೆಪ್ಟೆಂಬರಲ್ಲಿ, ಮಧ್ಯದಲ್ಲಿ ಒಬ್ಬ ಸಪ್ಲೈಯರ್ ಫ್ಯಾಕ್ಟರಿನ ಇವ್ರೇ ಕೊಂಡ್ಕೋಬೇಕಾಯ್ತು!

ಉತ್ತರ 3:
ಮೇಲಿನವ್ರು ಒಂದೇ ಕಡೆ ಹೇಳ್ತಿದ್ದಾರೆ. ಚಿಪ್ ಕಂಪನಿ ಎನ್‌ವಿಡಿಯಾಗೆ ಸ್ವಂತ ಚಿಪ್ ಫ್ಯಾಕ್ಟರಿನೇ ಇಲ್ಲ, ತೈವಾನಿನ ಟಿಎಸ್‌ಎಂಸಿ ಮಾಡ್ಕೊಡುತ್ತೆ, ಏನ್ ಮುಳುಗೋಯ್ತಾ? ಡಿಸೈನ್ ಕೈಲಿಟ್ಕೊಂಡು ತಯಾರಿಕೆ ಮಾತ್ರ ಕೊಟ್ರು. ಯಾವ್ದನ್ನ ಕೊಡ್ತೀರಿ ಅನ್ನೋದ್ರಲ್ಲಿದೆ ವಿಷಯ.

ನನ್ನ ಪ್ರಕಾರ ನಿಮ್ಗೆ ಡೇಂಜರ್ ಇರೋದು ಕಸ್ಟಮರ್ ಸಪೋರ್ಟಲ್ಲಿ. ಹೊರಗಿನವ್ರಿಗೆ ಟಿಕೆಟ್ (ಅಂದ್ರೆ ಕಸ್ಟಮರ್ ಕಳ್ಸೋ ಒಂದೊಂದು ದೂರು, ಪ್ರಶ್ನೆ) ಲೆಕ್ಕದಲ್ಲಿ ದುಡ್ಡು ಕೊಟ್ರೆ ಅವ್ರು ಟಿಕೆಟ್ ಕ್ಲೋಸ್ ಮಾಡೋದನ್ನೇ ನೋಡ್ತಾರೆ, ಅದು ಅವ್ರ ತಪ್ಪೂ ಅಲ್ಲ. ಈಗ ಯಾರೋ ಡಬ್ಬಿ ಮುಚ್ಚಳ ಒಡೆದು ಬಂದಿದೆ ಅಂತ ಬರೀತಾರೆ, ಅಲ್ಲಿರೋ ಹುಡುಗ ಸಾರಿ ಹೇಳಿ ಬೇರೆ ಕಳ್ಸಿ ಕ್ಲೋಸ್ ಮಾಡ್ತಾನೆ, ಮಾರನೇ ದಿನ ಇನ್ನೊಬ್ರು ಅದನ್ನೇ ಬರೀತಾರೆ, ಅದನ್ನ ಬೇರೆ ಹುಡುಗ ಕ್ಲೋಸ್ ಮಾಡ್ತಾನೆ. ರಿಪೋರ್ಟಲ್ಲಿ ಎಲ್ಲಾ ಹಸಿರು. ಅದೇ ಆಫೀಸಲ್ಲೇ ಕೂತು ಫೋನ್ ಎತ್ತಿದ್ರೆ ಪ್ಯಾಕಿಂಗ್ ಮಾಡೋರಿಗೆ ಅವತ್ತೇ ಕೂಗಿ ಹೇಳಿರೋರು. ಆರ್ಡರ್ ಎಲ್ಲಿದೆ, ಯಾವಾಗ ಬರುತ್ತೆ ಅನ್ನೋ ಕಾಲ್‌ಗಳನ್ನ ಕೊಡಿ, ರಿಟರ್ನು ಕಂಪ್ಲೇಂಟು ಕೊಡ್ಬೇಡಿ. ಕೊಡ್ಲೇಬೇಕು ಅಂದ್ರೆ ವಾರಕ್ಕೊಂದ್ಸಲ ಟಿಕೆಟ್‌ಗಳನ್ನ ನೀವೇ ಓದಿ, ರಿಪೋರ್ಟ್ ಅಲ್ಲ, ಕಸ್ಟಮರ್ ಬರೆದಿರೋದನ್ನೇ.

ಪ್ರಶ್ನೆ ಕೇಳಿದವರು:
ಇದು ತಲೆಗೇ ಹೊಳೆದಿರ್ಲಿಲ್ಲ, ಥ್ಯಾಂಕ್ಸ್. ಆ್ಯಪ್ ಕಥೆ ಏನು? ನಮ್ಮಲ್ಲಿ ಕೋಡ್ ಬರೆಯೋರು ಯಾರೂ ಇಲ್ಲ.

ಉತ್ತರ 4:
ಹಂಗಾದ್ರೆ ಹೊರಗೆ ಕೊಡ್ದೆ ದಾರಿ ಇಲ್ಲ, ಆದ್ರೆ ಡೊಮೇನ್, ಸರ್ವರ್, ಪ್ಲೇ ಸ್ಟೋರ್ ಅಕೌಂಟ್, ಕೋಡ್ ಇಡೋ ಜಾಗ ಎಲ್ಲಾ ನಿಮ್ಮ ಇಮೇಲಲ್ಲಿ ಓಪನ್ ಮಾಡಿ ಅವ್ರಿಗೆ ಆಕ್ಸೆಸ್ ಕೊಡಿ, ಉಲ್ಟಾ ಮಾಡ್ಬೇಡಿ. ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ದಾಗಲ್ಲ, ಸುಮಾರು ದೇಶಗಳಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಬರೆದಿರೋ ಕೋಡ್ ಹಕ್ಕು ಬರೆದವ್ರದ್ದೇ, ನಿಮ್ಗೆ ಬಿಟ್ಕೊಟ್ಟಿದ್ದೀವಿ ಅಂತ ಲಿಖಿತವಾಗಿ ಇದ್ರೆ ಮಾತ್ರ ನಿಮ್ದು. ಬಿಟ್ಟು ಹೋಗೋವಾಗ ಬೇರೆಯವ್ರಿಗೆ ಕೆಲ್ಸ ಹೇಳ್ಕೊಟ್ಟು ಹೋಗ್ಬೇಕು ಅಂತಾನೂ ಬರೆಸ್ಕೊಳ್ಳಿ, ಕೊನೇ ಕಂತು ಅದಾದ್ಮೇಲೇ ಕೊಡಿ. ಇದಕ್ಕೆ ಒಪ್ದೆ ಇರೋ ಕಂಪನಿ ಎಷ್ಟೇ ಕಮ್ಮಿ ರೇಟ್ ಹೇಳಿದ್ರೂ ಬೇಡ.